ಕಿತ್ತಾಕೋದೊಂದೇ ದಾರಿ ಅಲ್ಲ

ಗೆಳೆಯರೇ, ಹೋದ ಭಾನುವಾರದ ಸಭೆಗೆ ಯಾಕೆ ಬರಲಿಲ್ಲ ಅಂತ ತುಂಬಾ ಜನ ಕೇಳಿದ್ರಿ. ಮುಖ ಊದ್ಕೊಂಡಿತ್ತು. ಹಲ್ಲಿನ ಬೇರಿನ ತುದಿಗೆ ಆಪರೇಷನ್ ಆಗಿತ್ತು. ಹಲ್ಲುನೋವಿಗೂ ಒಂದು ಪೋಸ್ಟಾ ಅಂತ ನಗಬೇಡಿ, ಪೂರ್ತಿ ಓದಿ.

ಎರಡು ವರ್ಷದ ಹಿಂದೆ ಮೇಲ್ಸಾಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಈ ವರ್ಷ ಅದೇ ಹಲ್ಲಿನ ವಸಡಲ್ಲಿ ಗುಳ್ಳೆ ಎದ್ದು ಕೀವು ಶುರುವಾಯ್ತು. ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎರಡೇ ನಿಮಿಷ ನೋಡಿ, "ಫೇಲ್ ಆಗಿದೆ, ಕಿತ್ತುಬಿಡೋಣ. ಬೇರೆದೆಲ್ಲ ನಿಮಗೆ ಕಷ್ಟ" ಅಂದ್ರು. ಆ 'ಬೇರೆದು' ಏನು ಅಂತ ಹೇಳಲಿಲ್ಲ. ನನ್ನ ಕೈಲಾಗುತ್ತಾ ಅಂತ ಕೇಳಲೂ ಇಲ್ಲ. ನನ್ನ ಕಷ್ಟವನ್ನ ಅವರು ಯಾವುದರಿಂದ ಅಳೆದ್ರು? ಬಣ್ಣದಿಂದಲೋ, ಸೀರೆಯಿಂದಲೋ, ಮಾತಿನ ಧಾಟಿಯಿಂದಲೋ? ಅದನ್ನ ನಾನು ಸಾಬೀತು ಮಾಡಲಾರೆ. ಆದ್ರೆ ಈ 'ಕಿತ್ತುಬಿಡೋಣ' ನಮ್ಮ ಕೇರಿಗೆ ಹೊಸ ಮಾತಲ್ಲ.

ನಮ್ಮವ್ವನ ಹಲ್ಲು ಒಂದೊಂದಾಗಿ ಹಾಗೇ ಹೋದವು. ನೋವು ಅಂತ ಹೋದಾಗಲೆಲ್ಲ ಕಿತ್ತು, ಹತ್ತಿ ಕಚ್ಚಿಸಿ ಕಳಿಸ್ತಿದ್ರು. ಎಲ್ಲಾ ಉದುರಿದ ಮೇಲೆ ದಂತಭಾಗ್ಯ ಯೋಜನೆಯಲ್ಲಿ ಪುಕ್ಕಟೆ ಹಲ್ಲುಸೆಟ್ಟು ಬಂತು. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಬಡವರ ಹಲ್ಲು ಪೂರ್ತಿ ಹೋದ ಮೇಲೆ ಭಾಗ್ಯ ಕೊಡೋ ಸರ್ಕಾರ, ಇರೋ ಹಲ್ಲನ್ನ ಉಳಿಸೋದಕ್ಕೆ ತಾಲ್ಲೂಕು ಮಟ್ಟದಲ್ಲಿ ಏನಿಟ್ಟಿದೆ? ಅವ್ವ ಆ ಸೆಟ್ಟನ್ನ ಡಬ್ಬೀಲಿಟ್ಟು ಮುದ್ದೆ ನುಂಗ್ತಾಳೆ.

ನನ್ನ ಗೆಳತಿಯ ಮಗಳು ಬಿಡಿಎಸ್ ಓದ್ತಿದ್ದಾಳೆ. ಅವಳೇ "ಆಂಟಿ, ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿಗೆ ಒಂದ್ಸಲ ತೋರಿಸಿ" ಅಂದಿದ್ದು. ಅಲ್ಲಿ ಎಕ್ಸ್‌ರೇ ತೆಗೆದು, ಪಿಜಿ ಹುಡುಗಿಯೊಬ್ಬಳು ನನ್ನ ಪಕ್ಕ ಕೂತು ಬೇರಿನ ತುದಿಯ ಕಪ್ಪು ನೆರಳು ತೋರಿಸಿದಳು. ಅಲ್ಲಿ ಸೋಂಕು ಉಳಿದು ಮೂಳೆ ಕರಗಿತ್ತು. ಇಂಥದ್ದಕ್ಕೆ ಮೊದಲು ರೂಟ್ ಕೆನಾಲನ್ನೇ ಇನ್ನೊಂದ್ಸಲ ಮಾಡಿ ನೋಡ್ತಾರಂತೆ. ನನ್ನ ಹಲ್ಲಲ್ಲಿ ಕ್ಯಾಪಿನ ಕೆಳಗೆ ಒಂದು ಕಡ್ಡಿ ಕೂರಿಸಿದ್ರು. ಅದನ್ನ ಎಳೆದ್ರೆ ಬೇರು ಸೀಳೋ ಭಯ. ಅದಕ್ಕೆ ಬೇರಿನ ಕಡೆಯಿಂದಲೇ ಹೋಗೋಣ ಅಂದ್ರು.

ಪ್ರಜ್ಞೆ ತಪ್ಪಿಸಲ್ಲ, ವಸಡಿಗೆ ಇಂಜೆಕ್ಷನ್ ಅಷ್ಟೇ. ವಸಡು ಬಿಡಿಸಿ, ಮೂಳೇಲಿ ಸಣ್ಣ ಕಿಂಡಿ ಮಾಡಿ, ಕೆಟ್ಟ ಗಡ್ಡೆ ಕೆರೆದು ತೆಗೀತಾರೆ. ಬೇರಿನ ತುದಿಯನ್ನ ಸುಮಾರು 3 ಮಿಲಿಮೀಟರ್ ಕತ್ತರಿಸ್ತಾರೆ. ರೂಟ್ ಕೆನಾಲಿನ ಸೂಜಿಗೆ ಸಿಗದ ಕವಲು ನಾಳಗಳು ಹೆಚ್ಚಾಗಿ ಆ ತುದೀಲೇ ಇರ್ತವೆ. ಆಮೇಲೆ ತೂತನ್ನ ಎಂಟಿಎ ಅನ್ನೋ ಪುಡಿ ಕಲಸಿ ಮುಚ್ಚಿ ಹೊಲಿಗೆ ಹಾಕ್ತಾರೆ. ಅದು ಮನೆ ಕಟ್ಟೋ ಸಿಮೆಂಟಿನ ಹತ್ತಿರದ ನೆಂಟನಂತೆ, ತೇವದಲ್ಲೇ ಗಟ್ಟಿಯಾಗುತ್ತೆ. ಜೀವಮಾನವಿಡೀ ಗಾರೆ ಕೆಲಸ ಮಾಡಿದ ನಮ್ಮಪ್ಪ ನೆನಪಾದ್ರು.

ಈ ಆಪರೇಷನ್ ಎಲ್ಲರಿಗೂ ಆಗಲ್ಲ. ಬೇರು ಸೀಳಿದ್ರೆ, ಹಲ್ಲು ಅಲ್ಲಾಡ್ತಿದ್ರೆ ಕೀಳೋದೇ ಸರಿ. ನನ್ನದೂ ಗೆದ್ದಿದೆ ಅಂತ ಈಗಲೇ ಹೇಳೋಕಾಗಲ್ಲ. ಮೂಳೆ ತುಂಬಿತಾ ಅಂತ ಆರು ತಿಂಗಳು, ವರ್ಷದ ಎಕ್ಸ್‌ರೇ ಹೇಳಬೇಕು. ಆದ್ರೆ ಉಳಿದ್ರೂ ಹೋದ್ರೂ ತೀರ್ಮಾನ ನನ್ನದು, ಎಲ್ಲಾ ತಿಳ್ಕೊಂಡು ತಗೊಂಡಿದ್ದು. ಅವ್ವನಿಗೆ ಸಿಗದೇ ಹೋಗಿದ್ದು ಇದೇ.

ಇನ್ನೊಂದು ಸತ್ಯ. ಆರು ಸಲ ಓಡಾಡಿದೆ. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳೀತು, ರಜೆ ಉಳೀಲಿಲ್ಲ. ನಾನು ಗುಮಾಸ್ತೆ, ರಜೆ ಬರೆದು ಹೋದೆ. ಕೂಲಿಗೆ ಹೋಗೋ ಅಕ್ಕ ಆರು ದಿನದ ಕೂಲಿ ಬಿಟ್ಟು ಹೇಗೆ ಬರ್ತಾಳೆ? ಅದಕ್ಕೇ ನಮ್ಮ ಬೇಡಿಕೆ ಪಟ್ಟೀಲಿ ಇದೂ ಸೇರಲಿ: ತಾಲ್ಲೂಕು ಆಸ್ಪತ್ರೇಲಿ ಪುಕ್ಕಟೆ ರೂಟ್ ಕೆನಾಲ್, ಅದು ಫೇಲಾದ್ರೆ ಡೆಂಟಲ್ ಕಾಲೇಜಿಗೆ ಚೀಟಿ, ಓಡಾಟದ ದಿನಗಳಿಗೆ ಭತ್ಯೆ.

ಅಲ್ಲೀವರೆಗೆ, ಯಾರಾದ್ರೂ 'ಕಿತ್ತುಬಿಡೋಣ' ಅಂದ್ರೆ ಬಾಯಿ ತೆರೆಯೋ ಮುಂಚೆ ಮೂರು ಪ್ರಶ್ನೆ ಕೇಳಿ. ಎಕ್ಸ್‌ರೇ ತೋರಿಸ್ತೀರಾ? ಉಳಿಸೋ ದಾರಿ ಯಾವ್ಯಾವು? ಅದು ಎಲ್ಲಿ ಸಿಗುತ್ತೆ? ಪ್ರಶ್ನೆ ಕೇಳೋದನ್ನ ಬಾಬಾಸಾಹೇಬರು ನಮಗೆ ಬರೀ ವೇದಿಕೆಗಾಗಿ ಕಲಿಸಲಿಲ್ಲ.

ಜೈಭೀಮ್.