ಹಿಮದ ಚಿತ್ರವೂ ಹೆಸರಿಲ್ಲದ ಕೈಗಳೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕನೆಕ್ಟಿಕಟ್ ಪ್ರಾಂತದ ನ್ಯೂ ಹೇವನ್ ಪಟ್ಟಣದಲ್ಲಿ 1820ರಲ್ಲಿ ಜನಿಸಿದ ಜಾರ್ಜ್ ಹೆನ್ರಿ ಡ್ಯೂರಿ ಎಂಬ ಚಿತ್ರಕಾರನು ಹಳ್ಳಿಗಳ ಚಳಿಗಾಲವನ್ನು ಚಿತ್ರಿಸುವುದರಲ್ಲಿ ಹೆಸರಾದನು. ಆತನ ಒಂದು ಚಿತ್ರದಲ್ಲಿ ಒಕ್ಕಲಿನ ಮನೆಯೊಂದು ಹಿಮದ ನಡುವೆ ನಿಂತಿದೆ. ಗಾಲಿಯಿಲ್ಲದೆ ಹಿಮದ ಮೇಲೆ ಜಾರುವ ಬಂಡಿಯಲ್ಲಿ ದೂರದಿಂದ ಬಂದವರನ್ನು ವೃದ್ಧರಾದ ಹಿರಿಯರು ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದಾರೆ. ಡ್ಯೂರಿಯು 1863ರಲ್ಲಿ ತೀರಿಕೊಂಡನು. 1867ರಲ್ಲಿ ನ್ಯೂಯಾರ್ಕಿನ ಕರ್ರಿಯರ್ ಮತ್ತು ಐವ್ಸ್ ಎಂಬ ಸಂಸ್ಥೆಯವರು ಈ ಚಿತ್ರವನ್ನು ‘ಕೃತಜ್ಞತೆಯ ಹಬ್ಬಕ್ಕೆ ಮನೆಗೆ’ ಎಂಬರ್ಥದ ಹೆಸರಿಟ್ಟು ಕಲ್ಲಚ್ಚಿನಲ್ಲಿ ಮುದ್ರಿಸಿ ಪ್ರಕಟಿಸಿದರು.

ಇಂತಹ ಚಿತ್ರಗಳು ಬರಿಯ ಸವಿಗನಸುಗಳೆಂದು ಹಗುರಾಗಿ ಕಾಣುವವರುಂಟು. ನಾವು ಅದನ್ನು ಒಪ್ಪಲಾರೆವು. ಆ ಶತಮಾನದಲ್ಲಿ ನ್ಯೂ ಇಂಗ್ಲೆಂಡ್ ಸೀಮೆಯ ತರುಣ ತರುಣಿಯರು ಕಲ್ಲುನೆಲದ ಹೊಲಗಳನ್ನು ತೊರೆದು ಗಿರಣಿಯ ಪಟ್ಟಣಗಳಿಗೂ ಪಶ್ಚಿಮದ ಹೊಸ ಭೂಮಿಗಳಿಗೂ ತೆರಳುತ್ತಿದ್ದರು. 1830ರ ದಶಕದಲ್ಲಿ ಲೋವೆಲ್ ಪಟ್ಟಣದ ಹತ್ತಿಯ ಗಿರಣಿಗಳಲ್ಲಿ ದುಡಿದವರಲ್ಲಿ ಒಕ್ಕಲು ಮನೆಗಳ ಹೆಣ್ಣುಮಕ್ಕಳೇ ಬಹುಮಂದಿ. ತೆರೆದ ಬಾಗಿಲಿನ ಚಿತ್ರದ ಬೆಲೆಯು ಮನೆಯನ್ನು ಅಗಲಿದವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಆದರೆ ನಾವು ಮುಖ್ಯವಾಗಿ ಹೇಳಬಯಸುವುದು ಬೇರೊಂದು ವಿಷಯ. ಆ ಸಂಸ್ಥೆಯ ಚಿತ್ರಗಳಲ್ಲಿ ಬಹುಪಾಲು ಕಪ್ಪು ಮಸಿಯಲ್ಲಿ ಅಚ್ಚಾಗಿ, ಅನಂತರ ಕೈಯಿಂದ ಬಣ್ಣವನ್ನು ಪಡೆಯುತ್ತಿದ್ದುವು. ಬಣ್ಣ ಹಾಕುತ್ತಿದ್ದವರು ಸ್ತ್ರೀಯರು. ಅವರು ಸಾಲಾಗಿ ಕುಳಿತು, ಒಬ್ಬೊಬ್ಬಳು ಒಂದೊಂದೇ ಬಣ್ಣವನ್ನು ಲೇಪಿಸಿ, ಹಾಳೆಯನ್ನು ಪಕ್ಕದವಳಿಗೆ ದಾಟಿಸುತ್ತಿದ್ದರು. ಅಂಗಡಿಯ ಹೆಸರು ಪ್ರತಿ ಹಾಳೆಯ ಅಡಿಯಲ್ಲಿಯೂ ಉಂಟು. ಈ ಸ್ತ್ರೀಯರ ಹೆಸರು ಒಂದರಲ್ಲಿಯೂ ಇಲ್ಲ. ಅದೇ ಸಂಸ್ಥೆಗೆ ಸುಮಾರು 200 ಚಿತ್ರಗಳನ್ನು ರಚಿಸಿಕೊಟ್ಟ ಫ್ಯಾನಿ ಪಾಮರ್ ಎಂಬಾಕೆಯು 1855ರಲ್ಲಿ ಹಳ್ಳಿಯ ಚಳಿಗಾಲದ ಸುಖವನ್ನೇ ವಸ್ತುವಾಗಿಸಿ ಒಂದು ಚಿತ್ರವನ್ನು ಬರೆದಳು. ಆಕೆಯ ಚಿತ್ರಗಳ ಮೇಲೆ ಕಾಣುವುದು ಸಾಮಾನ್ಯವಾಗಿ ‘ಎಫ್. ಎಫ್. ಪಾಮರ್’ ಎಂದು ಮಾತ್ರ. ಕೊಂಡವರಿಗೆ ಅದು ಸ್ತ್ರೀಯ ಕೃತಿಯೆಂದು ತಿಳಿಯುವ ಬಗೆಯೆಂತು?

ಕೆಲಸವು ಚೆನ್ನಾಗಿದ್ದರೆ ಸಾಕು, ಹೆಸರೇಕೆ ಎಂದು ಕೆಲವರು ಕೇಳಬಹುದು. ವಿನಯವು ಸದ್ಗುಣವೇ ಸರಿ. ಆದರೆ ವಿನಯವು ತಾನಾಗಿ ಆರಿಸಿಕೊಳ್ಳತಕ್ಕದ್ದು. ಅನ್ಯರು ಹೇರಿದ ಮೌನಕ್ಕೆ ವಿನಯವೆಂದು ಹೆಸರಿಡುವುದು ನ್ಯಾಯವಲ್ಲ. ಹೆಸರು ಅಳಿದಲ್ಲಿ ಕೂಲಿಯ ಲೆಕ್ಕವೂ ಗುಣದ ಲೆಕ್ಕವೂ ಅಳಿಯುವುವು. ಮುಂದಿನ ಹುಡುಗಿಯು ತನಗಿಂತ ಮೊದಲು ಯಾರೂ ಈ ದಾರಿಯಲ್ಲಿ ನಡೆದಿಲ್ಲವೆಂದು ಭಾವಿಸುವಳು.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ನಿಮ್ಮ ಮಗಳು ಬರೆದ ಚಿತ್ರಕ್ಕೂ ಹೊಲಿದ ವಸ್ತ್ರಕ್ಕೂ ರಚಿಸಿದ ಪ್ರಬಂಧಕ್ಕೂ ಆಕೆಯ ಹೆಸರನ್ನು ಆಕೆಯ ಕೈಯಿಂದಲೇ ಬರೆಯಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಸಹ ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಹಿಮದ ಮನೆಯ ಚಿತ್ರವನ್ನು ನೋಡಿ ಸಂತೋಷಪಡುವ ನಾವು, ಅದಕ್ಕೆ ಬಣ್ಣವಿಟ್ಟ ಕೈಗಳಿಗೆ ಇಷ್ಟಾದರೂ ಋಣವನ್ನು ಸಲ್ಲಿಸಬೇಡವೇ?