ಧರ್ಮವೂ ಜಮಾಖರ್ಚೂ

ದೇವಸ್ಥಾನದ ಲೆಕ್ಕವನ್ನು ಕೇಳುವುದೆಂದರೆ ದೇವರನ್ನೇ ಕಟಕಟೆಗೆ ಎಳೆದಂತೆ ಎಂದು ಗುಡುಗತಕ್ಕವರು ಕೆಲವರುಂಟು. ಹುಂಡಿಗೆ ಬಿದ್ದ ಕಾಸು ಪ್ರಜೆಗಳದು, ಆದುದರಿಂದ ಸರ್ಕಾರದ್ದೇ ಎಂದು ತರ್ಕಿಸತಕ್ಕವರು ಮತ್ತೆ ಕೆಲವರು. ಪರಸ್ಪರ ವೈರಿಗಳಾದ ಈ ಉಭಯ ಪಕ್ಷದವರೂ ಒಂದು ವಿಷಯದಲ್ಲಿ ಸಹೋದರರು. ಉಡುಪಿಯ ಶೀರೂರು ಮಠದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಕೊಟ್ಟ ತೀರ್ಪನ್ನು ಇಬ್ಬರೂ ಉದಾಹರಿಸುತ್ತಾರೆ. ಇಬ್ಬರೂ ಅರ್ಧವನ್ನೇ ಓದಿರುತ್ತಾರೆ.

ಆ ವ್ಯಾಜ್ಯದ ಮೂಲವು ವೇದಾಂತವಲ್ಲ, ಸಾಲ. ಅಷ್ಟಮಠಗಳಿಗೆ ಸರದಿಯಂತೆ ಎರಡೆರಡು ವರ್ಷ ಸಲ್ಲುವ ಪರ್ಯಾಯದಲ್ಲಿ ಶ್ರೀಕೃಷ್ಣನ ಪೂಜೆಯೊಡನೆ ಅನ್ನಸಂತರ್ಪಣೆಯ ಭಾರವೂ ಪೀಠಸ್ಥರದು. ಆ ವೆಚ್ಚದಿಂದ ಮಠವು ಋಣಕ್ಕೆ ಬಿದ್ದಿತು. ದಕ್ಷಿಣ ಕನ್ನಡವು ಆಗ ಮದರಾಸಿಗೆ ಸೇರಿದ್ದಿತಷ್ಟೆ. ಅಲ್ಲಿಯ ಧರ್ಮಾದಾಯ ಮಂಡಳಿಯು ಮಠದ ಆಡಳಿತಕ್ಕೆ ಸ್ಕೀಮನ್ನು ಹಾಕಲು ಹೊರಟಿತು. ಶ್ರೀ ಲಕ್ಷ್ಮೀಂದ್ರತೀರ್ಥರು ನ್ಯಾಯಾಲಯದ ಮೊರೆಹೊಕ್ಕರು.

ಯಾವ ಹೊತ್ತಿಗೆ ಯಾವ ನೈವೇದ್ಯ ಎಂಬುದನ್ನು ಸಂಪ್ರದಾಯವೇ ನಿರ್ಣಯಿಸತಕ್ಕುದು, ಹಣ ತಗಲುವುದೆಂಬ ಮಾತ್ರಕ್ಕೆ ಅದು ಲೌಕಿಕವಾಗದು, ಅಧಿಕಾರಿಯು ಇಚ್ಛೆಬಂದಂತೆ ಗರ್ಭಗುಡಿಯವರೆಗೂ ನುಗ್ಗುವಂತಿಲ್ಲ ಎಂದು ತೀರ್ಪಾಯಿತು. ಮೊದಲನೆಯ ಪಕ್ಷದವರಿಗೆ ಇಷ್ಟು ಕಂಠಪಾಠ. ಆ ಕರ್ಮಗಳಿಗೆ ಎಷ್ಟು ವೆಚ್ಚಮಾಡಬೇಕೆಂಬುದು ಮಾತ್ರ ಆಸ್ತಿಯ ಆಡಳಿತಕ್ಕೆ ಸೇರಿದುದು, ಅದನ್ನು ಕಾನೂನು ಅಂಕೆಯಲ್ಲಿಡಬಹುದು ಎಂದೂ ಅದೇ ತೀರ್ಪು ಹೇಳಿದೆ. ಆ ಪುಟ ಬಂದೊಡನೆ ಇವರ ಕನ್ನಡಕ ಕಾಣೆಯಾಗುತ್ತದೆ! ಸಂವಿಧಾನದ 25ನೆಯ ವಿಧಿಯೂ ಧರ್ಮಾಚರಣೆಗೆ ಅಂಟಿಕೊಂಡ ಆರ್ಥಿಕ ಹಾಗೂ ರಾಜಕೀಯ ವ್ಯವಹಾರಗಳನ್ನು ಕಾನೂನಿನ ಕೈಗೇ ಬಿಟ್ಟಿದೆ.

ಎರಡನೆಯ ಪಕ್ಷದವರು ಓದದ ಭಾಗ ಬೇರೆ. 1951ರ ಮದರಾಸು ಕಾಯಿದೆಯು ಆದಾಯದಲ್ಲಿ ನೂರಕ್ಕೆ 5ರವರೆಗೆ ವಂತಿಗೆಯನ್ನು ವಿಧಿಸಿದ್ದಿತು. ಸಲ್ಲಿಸಿದ ಸೇವೆಗೆ ತಕ್ಕಂತೆ ಪಡೆದರೆ ಶುಲ್ಕ, ಬೊಕ್ಕಸದಲ್ಲಿ ಬೆರೆಸಿಬಿಟ್ಟರೆ ತೆರಿಗೆ. ಇದು ತೆರಿಗೆಯೇ ಎಂದು ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಹಳೆಯ ಮೈಸೂರಿನ ಸಣ್ಣ ಗುಡಿಗಳ ಪಾಡು ಇದಕ್ಕಿಂತ ಕಷ್ಟದ್ದು. 1955ರ ಕಾಯಿದೆಯಿಂದ ದೇವಾದಾಯ ಇನಾಮುಗಳು ರದ್ದಾದುವು. ಉಳುವವನಿಗೆ ಭೂಮಿ ಸಂದುದು ನ್ಯಾಯವೇ. ಆದರೆ ಗುಡಿಗೆ ಉಳಿದುದು ತಸ್ತೀಕು. ಇನಾಮೂ ಅರಸನ ದಾನವೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಅಹುದು, ಆದರೆ ಆ ದಾನವನ್ನು ಕಲ್ಲಿನಲ್ಲಿ ಕೊರೆದಿದ್ದರು, ತಸ್ತೀಕನ್ನು ಕಡತದಲ್ಲಿ ಬರೆದಿದ್ದಾರೆ. ಹೊಲದಿಂದ ಬರುವ ಭತ್ತಕ್ಕಾಗಿ ಅರ್ಚಕನು ಮಳೆಯನ್ನು ಕಾಯುತ್ತಿದ್ದನು. ಈಗ ಗುಮಾಸ್ತೆಯನ್ನು ಕಾಯುತ್ತಾನೆ. ಇಂತಹವನಿಗೆ ಆಳುವವರ ಅನ್ಯಾಯವನ್ನು ಅನ್ಯಾಯವೆನ್ನುವ ಸ್ವಾತಂತ್ರ್ಯವೆಲ್ಲಿಯದು?

ಇನ್ನು ಮಠಗಳು. ಕರ್ನಾಟಕದ 1997ರ ಧಾರ್ಮಿಕ ಸಂಸ್ಥೆಗಳ ಕಾಯಿದೆಯು ಮಠಗಳನ್ನು ಹೊರಗಿಟ್ಟಿತು. ಅತ್ತ ರಾಜ್ಯದ ಆಯವ್ಯಯದಲ್ಲಿ ಮಠಗಳಿಗೆ ಅನುದಾನವೀಯುವ ರೂಢಿ ಬೆಳೆಯಿತು. ಚುನಾವಣೆ ಸಮೀಪಿಸಿದಂತೆ ಉಮೇದುವಾರರು ಪೀಠಗಳೆದುರು ಫಲತಾಂಬೂಲ ಹಿಡಿದು ನಿಲ್ಲುವುದೂ ಬೆಳೆಯಿತು. ಕೊಡುವಾಗ ಸರ್ಕಾರವು ಭಕ್ತ, ಕೇಳುವಾಗ ಮ್ಲೇಚ್ಛ! ಅನುದಾನವನ್ನು ಪಡೆದ ಮಠವು ಆ ವರ್ಷದ ಜಮಾಖರ್ಚಿನ ಪಟ್ಟಿಯೊಂದನ್ನು ಹೆಬ್ಬಾಗಿಲಲ್ಲಿ ತೂಗುಹಾಕಿದರೆ, ಯಾವ ಹೊತ್ತಿನ ಪೂಜೆಗೆ ಭಂಗವಾದೀತು?