ಹುಚ್ಚರ ಡಾಕ್ಟ್ರು ಅನ್ಬೇಡಿ, ಏಳು ವರ್ಷದ ಓದು ಅದು

ನಮ್ ತಂಗಿ ಮಗ್ಳು ಸೆಕೆಂಡ್ ಪಿಯುಸಿ ಮುಗಿಸವ್ಳೆ. ಮುಂದೇನವ್ವಾ ಅಂದ್ರೆ, "ಸೈಕಾಲಜಿ ದೊಡ್ಡಮ್ಮ. ಅಪ್ಪನ ಹತ್ರ ಕುಂತು ಮಾತಾಡಿ ವಾಸಿ ಮಾಡಿದ್ರಲ್ಲ, ಆ ಮೇಡಂ ಥರ" ಅಂದ್ಳು. ಮನೇಲಿ ಅವತ್ತಿಂದ ರಾದ್ಧಾಂತ. ಅವಳ ಅಜ್ಜಿ "ಹುಚ್ಚರ ಡಾಕ್ಟ್ರಾದ್ರೆ ಯಾವನು ಮದ್ವೆ ಆದಾನು" ಅಂತಾರೆ. ಅವರಪ್ಪ ಬಿ.ಕಾಂ. ಫಾರಂ ತಂದು ಟಿವಿ ಮೇಲೆ ಇಟ್ಟವ್ರೆ. ನಾನು ಹುಡುಗಿ ಕಡೆ. ಯಾಕೆ ಅಂತ ಹೇಳ್ತೀನಿ, ಒಂಚೂರು ಕುಂತ್ಕೊಂಡು ಓದಿ, ಬಸ್ಸಾರಿಗೆ ಆಮೇಲೆ ಒಗ್ಗರಣೆ ಹಾಕ್ಬೋದು.

2015ನೇ ಇಸ್ವಿ ನಿಮಗೆಲ್ಲ ನೆನಪಿರ್ಬೇಕು. ನಮ್ ಮಂಡ್ಯ ಜಿಲ್ಲೇಲಿ ಒಬ್ಬರ ಹಿಂದೆ ಒಬ್ಬರು ರೈತರು ಜೀವ ಕಳ್ಕೊಂಡ ವರ್ಷ. ಕಬ್ಬಿನ ದುಡ್ಡು ಕೈಗೆ ಬರ್ಲಿಲ್ಲ, ಸಾಲ ಮಾತ್ರ ಬೆಳೀತಾ ಹೋಯ್ತು. ಆವಾಗ್ಲೇ ನಮ್ ತಂಗಿ ಯಜಮಾನ್ರು ಮಾತು ಬಿಟ್ಟಿದ್ದು. ಮುದ್ದೆ ಮುರಿದು ತಟ್ಟೇಲೇ ಬಿಡೋರು. ರಾತ್ರಿಯೆಲ್ಲ ಜಗುಲಿ ಮೇಲೆ ಕುಂತಿರೋರು. ನಾವೇನು ಮಾಡಿದ್ವಿ? ಗಾಳಿ ಸೋಕೈತೆ ಅಂತ ತಾಯ್ತ ಕಟ್ಟಿಸಿದ್ವಿ. (ಇದನ್ನೆಲ್ಲ ಅವರನ್ನ ಕೇಳಿಯೇ ಬರೀತಿದೀನಿ. "ಬರೀರಿ, ಹೆಸರು ಬ್ಯಾಡ" ಅಂದ್ರು.)

ಆಮೇಲೆ ಯಾರೋ ಹೇಳಿದ್ರು ಅಂತ ಪಟ್ಟಣದಲ್ಲಿ 'ಕೌನ್ಸೆಲರ್' ಅಂತ ಬೋರ್ಡ್ ಹಾಕ್ಕೊಂಡಿದ್ದೋರ ಹತ್ರ ಹೋದ್ವಿ. ಗೋಡೆ ತುಂಬ ಸರ್ಟಿಫಿಕೇಟು. "ಯೋಚ್ನೆ ಮಾಡ್ಬೇಡಿ, ಧೈರ್ಯವಾಗಿರಿ" ಅಂತ ಹೇಳೋಕೆ ಪ್ರತಿ ಸಲ ದುಡ್ಡು. ಆ ಮಾತು ನಮ್ಮತ್ತೆ ಬಿಟ್ಟಿಯಾಗಿ ಹೇಳ್ತಿದ್ರು! ಮೂರು ತಿಂಗಳು ಅಲ್ಲೇ ಕಳೆದೋಯ್ತು. ಅವರು ಏನು ಓದವ್ರೆ ಅಂತ ನಾವು ಒಂದ್ಸಲನೂ ಕೇಳಿರ್ಲಿಲ್ಲ. ಆಮೇಲೆ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟ್ರು ಮಾತ್ರೆ ಕೊಟ್ರು, ಇನ್ನೊಬ್ಬ ಮೇಡಂ ವಾರಕ್ಕೊಂದ್ಸಲ ಕುಂದ್ರಿಸಿಕೊಂಡು ಮಾತಾಡಿದ್ರು. ಮೂರನೇ ಕ್ಲಾಸಿನ ಹುಡುಗಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಂತು ನೋಡಿದ್ದು ಅದನ್ನೇ.

ಈಗ ಓದಿನ ವಿಷಯ. ನಂದು ಪಿಯುಸಿ ಅಷ್ಟೆ, ಆದ್ರೂ ವಿಚಾರಿಸಿ ತಿಳ್ಕೊಂಡೆ. ಮಾತ್ರೆ ಬರೆಯೋರು ಸೈಕಿಯಾಟ್ರಿಸ್ಟು, ಅವರು ಎಂಬಿಬಿಎಸ್ ಮಾಡಿ ಮೇಲೆ ಮೂರು ವರ್ಷ ಎಂ.ಡಿ. ಓದಿರ್ತಾರೆ. ಮಾತಿನ ಚಿಕಿತ್ಸೆ ಕೊಡೋ ಕ್ಲಿನಿಕಲ್ ಸೈಕಾಲಜಿಸ್ಟ್ ದಾರಿ ಬೇರೆ. ಮೂರು ವರ್ಷ ಡಿಗ್ರಿ, ಎರಡು ವರ್ಷ ಸೈಕಾಲಜೀಲಿ ಎಂ.ಎ. ಇಲ್ಲ ಎಂ.ಎಸ್ಸಿ. ಮೈಸೂರಿನ ಮಾನಸಗಂಗೋತ್ರೀಲೇ ಐತೆ. ಇಲ್ಲಿಗೇ ಮುಗೀತು ಅಂತ ಸುಮಾರು ಜನ ಬೋರ್ಡ್ ಹಾಕ್ತಾರೆ. ಮುಗಿಯಾಕಿಲ್ಲ. ಅದರ ಮೇಲೆ ಆಸ್ಪತ್ರೇಲಿ ರೋಗಿಗಳ ಜೊತೆ ಎರಡು ವರ್ಷದ ತರಬೇತಿ ಆಗ್ಬೇಕು, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಥರದ ಕಡೆ. ಇಷ್ಟು ವರ್ಷ ಅದನ್ನ ಎಂ.ಫಿಲ್ ಅಂತಿದ್ರು, ಎಂ.ಎ.ನಲ್ಲಿ 55 ಪರ್ಸೆಂಟ್ ಬೇಕಿತ್ತು. ಈಗ ಎಂ.ಫಿಲ್ ಅನ್ನೋದನ್ನೇ ಎತ್ತಾಕಿ ಹೊಸ ಹೆಸರಿನ ಕೋರ್ಸು ತರ್ತಾವ್ರೆ. ಹಂಗಾಗಿ ಸೇರೋ ವರ್ಷ ದಿಲ್ಲಿಯ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಮಂಡಳಿ, ಒಪ್ಪಿರೋ ಪಟ್ಟೀಲಿ ಆ ಕಾಲೇಜು ಐತಾ ನೋಡ್ಕೋಬೇಕು. ಇಲ್ದಿದ್ರೆ ಓದು ನೀರಲ್ಲಿ ಹೋಮ.

ಮುಗಿಸಿದ ಮೇಲೆ ಆ ಮಂಡಳೀಲಿ ಹೆಸರು ನೋಂದಾಯಿಸಿದ್ರೆ ಒಂದು ನಂಬರ್ ಕೊಡ್ತಾರೆ. ಅದೇ ಲೈಸೆನ್ಸು. 1992ರ ಕಾಯ್ದೆ ಪ್ರಕಾರ ನೋಂದಣಿ ಇಲ್ದೆ ಆ ಕೆಲಸ ಮಾಡಿದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಾವಿರ ರೂಪಾಯಿ! ನಮ್ಮ ಹತ್ರ ಆ ಬೋರ್ಡಿನವರು ಒಂದು ತಿಂಗಳಿಗೆ ಅದಕ್ಕಿಂತ ಜಾಸ್ತಿ ಕಿತ್ಕೊಂಡಿದ್ರು. 'ಕೌನ್ಸೆಲರ್' ಅನ್ನೋ ಪದಕ್ಕಂತೂ ನಮ್ ದೇಶದಲ್ಲಿ ಇನ್ನೂ ಗಟ್ಟಿಯಾದ ಬೇಲಿಯೇ ಬಿದ್ದಿಲ್ಲ. 2021ರಲ್ಲಿ ಒಂದು ಹೊಸ ಕಾಯ್ದೆ ಬಂದೈತೆ, ಅದು ಊರಿನ ಬೋರ್ಡಿನ ತನಕ ಬರೋಷ್ಟರಲ್ಲಿ ನಾವೇ ಕೇಳೋದು ಕಲೀಬೇಕು. ಬೆಂಡೆಕಾಯಿ ತಗೊಳ್ಳೋವಾಗ ತುದಿ ಮುರಿದು ನೋಡ್ತೀವಲ್ಲ, ಹಂಗೆ "ನಿಮ್ಮ ಆರ್‌ಸಿಐ ನಂಬರ್ ಎಷ್ಟು" ಅನ್ನಿ. ಇದ್ದೋರು ಬೇಜಾರ್ ಮಾಡ್ಕೊಳ್ಳಲ್ಲ.

ಲೈಸೆನ್ಸ್ ಇಲ್ದೋರು ಯಾರೂ ಕಷ್ಟ ಸುಖ ಕೇಳಂಗಿಲ್ಲ ಅಂತ ಅಲ್ಲ ನಾನು ಹೇಳೋದು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್, 2024ರಲ್ಲಿ ಪದ್ಮಶ್ರೀ ಬಂದೋರು, ನಮ್ಮಂಥ ಸಾಮಾನ್ಯ ಜನಕ್ಕೂ ಆಪ್ತಸಲಹೆ ಕಲಿಸಿದವರು. ಕೇಳಿಸ್ಕೊಳ್ಳೋದು ಯಾರಾದ್ರೂ ಮಾಡ್ಲಿ. ಕಾಯಿಲೆಗೆ ಚಿಕಿತ್ಸೆ ಮಾಡ್ತೀನಿ ಅಂತ ದುಡ್ಡು ತಗೊಳ್ಳೋರು ಮಾತ್ರ ಓದಿರ್ಬೇಕು.

ಏಳು ವರ್ಷ ಜಾಸ್ತಿ ಆಯ್ತು ಅಂತ ನಮ್ ಭಾಮೈದ ಹೇಳ್ತಾನೆ. ಆಯ್ತು, ನಿಜ. ಖಾಸಗಿ ಕಡೆ ಲಕ್ಷಗಟ್ಟಲೆ ಆಯ್ತದೆ, ಸರ್ಕಾರಿ ಸೀಟಿಗೆ ದೇಶದ ಮಕ್ಕಳೆಲ್ಲ ಪರೀಕ್ಷೆ ಬರೀತಾರೆ. ಸಿಗದೇನೂ ಇರ್ಬೋದು. ಆದ್ರೆ ನಮ್ ಹೆಣ್ಮಕ್ಕಳು "ಎದೆ ಧಸಕ್ ಅಂತದೆ, ತಲೆ ಚಿಟ್ಟಿಡೀತದೆ, ಒಲೆ ಮುಂದೆ ಸುಮ್ನೆ ಅಳು ಬತ್ತದೆ" ಅಂದ್ರೆ ಅದ್ರ ಅರ್ಥ ಗೊತ್ತಾಗೋಕೆ ಪಾಂಡವಪುರದ ಕಡೆ ಹುಡುಗೀನೇ ಬೇಕು. ಇಂಗ್ಲಿಷಲ್ಲಿ ಅದನ್ನ ಹೇಳೋಕೆ ನಮಗೆ ಬರಾಕಿಲ್ಲ.

ಅಲ್ಲಿ ತನಕ ಯಾರಿಗಾದ್ರೂ ರಾತ್ರಿ ಕಳೆಯೋದೇ ಕಷ್ಟ ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ಕಾಸಿಲ್ಲ, ದಿನದ ಯಾವ ಹೊತ್ತಲ್ಲಾದ್ರೂ ಎತ್ತಾರೆ, ಕನ್ನಡದಲ್ಲೇ ಮಾತಾಡ್ಬೋದು. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

ನಮ್ ತಂಗಿ ಯಜಮಾನ್ರಿಗೆ ಇರೋ ಭಯ ಬೇರೆ. ಮಗಳು ಇದನ್ನ ಓದಿದ್ರೆ "ಅವರಪ್ಪನಿಗೆ ಹಿಂಗಾಗಿತ್ತಲ್ಲ, ಅದ್ಕೆ" ಅಂತ ಊರು ಆಡ್ಕೊಳ್ತದೆ ಅಂತ. ನಿನ್ನೆ ಕಾಫಿ ಕುಡೀತಾ ನಾನು ಅಂದೆ, "ಆಡ್ಕೊಂಡ್ರೆ ಆಡ್ಕೊಳ್ಳಲಿ, ನೀವು ಕುಂತು ಕಾಫಿ ಕುಡೀತಿದೀರಲ್ಲ." ಅವರು ಏನೂ ಅನ್ಲಿಲ್ಲ. ಬಿ.ಕಾಂ. ಫಾರಂ ಇನ್ನೂ ಟಿವಿ ಮೇಲೇ ಐತೆ, ತುಂಬಿಲ್ಲ. ನಾನು ಎದ್ದು ಹೊರಟಾಗ ಮಾತ್ರ, "ಮೈಸೂರಿಗೆ ರೈಲು ಪಾಸು ತಿಂಗಳಿಗೆ ಎಷ್ಟಾದಾತು ಅತ್ಗೆ?" ಅಂದ್ರು.